ಅಜ್ಜಿ ಊರಿನ ಆರು ವಾರ, ಆಮೇಲೆ ಕಾಡಿನ ಎಂಟು ದಿನ

ಜೂನ್‌ನಲ್ಲಿ ಶಾಲೆ ಮುಗಿದ ಕೂಡಲೇ ಮಕ್ಕಳನ್ನು ಕರೆದುಕೊಂಡು ದಾವಣಗೆರೆಗೋ ದುರ್ಗಕ್ಕೋ ಬಂದಿರುವ ಮೂರ್ನಾಲ್ಕು ಮನೆಯವರು ನಮ್ಮ ಈ ಬಳಗದಲ್ಲಿ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಹಾಕಿದ್ದೀರಿ. ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾಕ್ಕೆ ವಾಪಸ್ ಹೋದ ಮೇಲೆ ಹದಿನಾಲ್ಕು ವರ್ಷದ ಮಗನನ್ನೋ ಮಗಳನ್ನೋ ಅಲ್ಲಿನ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ ಎಂಟು ದಿನದ ಬ್ಯಾಕ್‌ಪ್ಯಾಕಿಂಗ್‌ಗೆ ಕಳಿಸಬಹುದಾ? ಕಳಿಸುವುದಾದರೆ ಊರಲ್ಲಿರುವ ಈ ಆರು ವಾರದಲ್ಲಿ ಏನು ತಯಾರಿ ಮಾಡಿಸಬೇಕು?

ಧೈರ್ಯವಾಗಿ ಕಳಿಸಿ. ಆದರೆ ಇದು ನಮ್ಮಲ್ಲಿ ಟ್ರೆಕ್ಕಿಂಗ್ ಅಂತ ಕರೆಯುವ ಕೆಲಸ ಅಲ್ಲ, ಅದನ್ನು ಮೊದಲು ತಿಳಿದುಕೊಳ್ಳಿ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನವರ ಹಿಮಾಲಯದ ಚಾರಣಗಳಲ್ಲಿ ಸಂಜೆ ಹೊತ್ತಿಗೆ ಟೆಂಟ್ ಹಾಕಿದ ಕ್ಯಾಂಪ್ ಸಿದ್ಧವಿರುತ್ತದೆ, ಅಡುಗೆಯವರು ಇರುತ್ತಾರೆ, ಮಕ್ಕಳು ಹೊರುವುದು ತಮ್ಮ ಬಟ್ಟೆಬರೆ ಮಾತ್ರ. ಅಮೆರಿಕದ ಕಾಡಿನ ಪ್ರವಾಸದಲ್ಲಿ ಟೆಂಟಿನ ಪಾಲು, ಒಲೆಯ ಪಾಲು, ಎಂಟು ದಿನದ ಊಟ, ಎಲ್ಲವೂ ಮಗುವಿನ ಬೆನ್ನ ಮೇಲೆ. ಹಾಗಾಗಿ ಪ್ರವಾಸ ನಡೆಸುವ ಕಂಪನಿಯ ಫೋಟೋ ನೋಡುವ ಮೊದಲು ಒಂದು ಲೆಕ್ಕ ಮಾಡಿ.

ಮಗುವಿನ ತೂಕ 45 ಕೆಜಿ ಅಂತಿಟ್ಟುಕೊಳ್ಳೋಣ. ಬೆಳೆಯುವ ವಯಸ್ಸಿನವರಿಗೆ ತೂಕದ ಶೇ. 15ರಿಂದ 20ರಷ್ಟು ಹೊರೆ ಆರಾಮದ್ದು, ಶೇ. 25 ದಾಟಿದರೆ ನಡಿಗೆಯ ಭಂಗಿಯೇ ಬದಲಾಗುತ್ತದೆ. ಅಂದರೆ 7ರಿಂದ 9 ಕೆಜಿ ಒಳ್ಳೆಯದು, 11ಕ್ಕೆ ಮಿತಿ. ಈಗ ತುಂಬಿ ನೋಡಿ. ಖಾಲಿ ಬ್ಯಾಗೇ 1.8 ಕೆಜಿ, ಸ್ಲೀಪಿಂಗ್ ಬ್ಯಾಗ್ 1.2, ಕೆಳಗೆ ಹಾಸುವ ಪ್ಯಾಡ್ ಅರ್ಧ ಕೆಜಿ, ಟೆಂಟಿನ ಪಾಲು 0.9, ಬಟ್ಟೆ ಮತ್ತು ರೇನ್‌ಕೋಟ್ 1.8, ಟಾರ್ಚು-ತಟ್ಟೆ-ಔಷಧಿ ಅಂತ 0.8. ಇಲ್ಲಿಗೇ 7 ಕೆಜಿ ಆಯ್ತು. ದಿನಕ್ಕೆ 700 ಗ್ರಾಂನಂತೆ ಎಂಟು ದಿನದ ಊಟ 5.6 ಕೆಜಿ, ಎರಡು ಲೀಟರ್ ನೀರು 2 ಕೆಜಿ. ಒಟ್ಟು 14.6, ಅಂದರೆ ಮೈತೂಕದ ಸುಮಾರು ಮೂರನೇ ಒಂದು ಭಾಗ. ಮೊದಲ ದಿನವೇ ಮಗು ಕುಸಿದು ಕೂತರೆ ಅದು ಮಗುವಿನ ದೌರ್ಬಲ್ಯ ಅಲ್ಲ.

ಆದ್ದರಿಂದ ಕಂಪನಿಯವರಿಗೆ ಕೇಳಬೇಕಾದ ಮೊದಲ ಪ್ರಶ್ನೆ: ನಡುವೆ ಊಟದ ಸಾಮಾನು ತಂದು ಕೊಡುತ್ತೀರಾ, ಯಾವ ದಿನ? ನಾಲ್ಕನೇ ದಿನ ಹೊಸ ಸಾಮಾನು ಬಂದರೆ ಹೊರುವ ಊಟ 2.8 ಕೆಜಿಗೆ ಇಳಿಯುತ್ತದೆ. ದಾರಿಯುದ್ದಕ್ಕೂ ತೊರೆಗಳಿದ್ದರೆ ನೀರು ಒಂದು ಲೀಟರ್ ಸಾಕು. ಆಗ ಒಲೆಯ ಪಾಲು, ಊಟದ ಡಬ್ಬಿಯ ತೂಕ ಬಿಟ್ಟು 10.8ಕ್ಕೆ ಬಂತು, ಮಿತಿಯ ಹತ್ತಿರ. ಎರಡನೇ ಪ್ರಶ್ನೆ: ಸಾಮೂಹಿಕ ಸಾಮಾನನ್ನು ತಲೆಗಿಷ್ಟು ಅಂತ ಸಮನಾಗಿ ಹಂಚುತ್ತೀರಾ, ಮೈತೂಕ ನೋಡಿ ಹಂಚುತ್ತೀರಾ? ಗುಂಪಿನಲ್ಲಿ 75 ಕೆಜಿಯ ಹದಿನೇಳರ ಹುಡುಗನೂ 42 ಕೆಜಿಯ ನಿಮ್ಮ ಮಗಳೂ ಇರುತ್ತಾರೆ. ಇದಕ್ಕೆ ತಡವರಿಸದೆ ಉತ್ತರ ಕೊಡುವವರು ಮಕ್ಕಳನ್ನು ನಿಜವಾಗಿ ನಡೆಸಿದವರು.

ಬ್ಯಾಗಿನ ಅಳತೆ. ವಯಸ್ಸು ನೋಡಿ, ಎತ್ತರ ನೋಡಿ ಕೊಳ್ಳಬೇಡಿ, ಬೆನ್ನಿನ ಉದ್ದ ನೋಡಿ ಕೊಳ್ಳಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಎದ್ದು ಕಾಣುತ್ತದಲ್ಲ, ಟೈಲರ್ ಟೇಪನ್ನು ಅಲ್ಲಿ ಹಿಡಿಯಿರಿ. ಮಗು ಸೊಂಟದ ಮೂಳೆಯ ಮೇಲಂಚಿಗೆ ಕೈಯಿಟ್ಟು ಹೆಬ್ಬೆರಳನ್ನು ಹಿಂದಕ್ಕೆ ಚಾಚಿದರೆ ಎರಡೂ ಹೆಬ್ಬೆರಳು ಸೇರುವ ಗೆರೆಯವರೆಗೆ ಅಳೆಯಿರಿ. ಆ ಅಳತೆಗೆ ಹೊಂದುವ ಬ್ಯಾಗ್ ಬೇಕು. ಈ ವಯಸ್ಸಿನಲ್ಲಿ ಆರು ತಿಂಗಳಲ್ಲಿ ಬೆನ್ನು ಬೆಳೆದುಬಿಡುತ್ತದೆ, ಬೆನ್ನಿನ ಉದ್ದ ಹೊಂದಿಸಬಹುದಾದದ್ದೇ ಲೇಸು.

ಹಾಕಿಕೊಳ್ಳುವಾಗ ಎಲ್ಲ ಪಟ್ಟಿ ಸಡಿಲ ಮಾಡಿ, ಮೊದಲು ಸೊಂಟದ ಬೆಲ್ಟನ್ನು ಸೊಂಟದ ಮೂಳೆಯ ಮೇಲೆ ಕೂರಿಸಿ ಬಿಗಿಯಬೇಕು. ಹೊಟ್ಟೆಯ ಮೇಲೆ ಕೂತರೆ ಅರ್ಧ ಗಂಟೆಯಲ್ಲಿ ಜಾರುತ್ತದೆ. ಆಮೇಲೆ ಹೆಗಲ ಪಟ್ಟಿ, ಆಮೇಲೆ ಹೆಗಲ ಮೇಲಿಂದ ಬ್ಯಾಗಿಗೆ ಹೋಗುವ ಸಣ್ಣ ಪಟ್ಟಿ, ಕೊನೆಗೆ ಎದೆಯದ್ದು. ಸರಿಯಾಗಿದ್ದರೆ ಹೊರೆಯ ಬಹುಪಾಲು ಸೊಂಟದ ಮೇಲಿರುತ್ತದೆ, ಹೆಗಲ ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ತೂರುತ್ತದೆ. ಭಾರದ ಸಾಮಾನು, ಅಂದರೆ ಊಟ ಮತ್ತು ನೀರು, ಬೆನ್ನಿಗೆ ಒತ್ತಿ ಬ್ಯಾಗಿನ ಮಧ್ಯಭಾಗದಲ್ಲಿರಲಿ. ಶಾಲೆ ಬ್ಯಾಗಿನ ಅಭ್ಯಾಸದಲ್ಲಿ ಮಕ್ಕಳು ಎಲ್ಲವನ್ನೂ ಹೆಗಲಿಗೆ ನೇತುಹಾಕುತ್ತಾರೆ. ಅದನ್ನು ಬಿಡಿಸಲಿಕ್ಕೇ ಒಂದು ವಾರ ಬೇಕು.

ಈಗ ಊರಿನ ತಯಾರಿ. ಜೂನ್-ಜುಲೈಯಲ್ಲಿ ಮಲೆನಾಡು ಮಳೆಯಲ್ಲಿ ಮುಳುಗಿದ್ದರೆ ನಮ್ಮ ದುರ್ಗದ ಕಡೆ ಗಾಳಿ, ಮೋಡ, ಹನಿ. ಹೊರೆ ಹೊತ್ತು ನಡೆಯಲು ಇದಕ್ಕಿಂತ ಒಳ್ಳೆಯ ಹವೆ ಸಿಗುವುದಿಲ್ಲ. ದಾವಣಗೆರೆ ಬಯಲು, ಅಲ್ಲಿರುವವರು ಕೊಂಡಜ್ಜಿ ಕೆರೆ-ಗುಡ್ಡದ ಕಡೆ ಹೋಗಬಹುದು. ವಾರಕ್ಕೊಂದು ದಿನವಾದರೂ ದುರ್ಗಕ್ಕೆ ಬನ್ನಿ, ಒಂದು ಗಂಟೆ ದಾರಿ.

ಏಳು ಸುತ್ತಿನ ಕೋಟೆಯ ಮೆಟ್ಟಿಲು, ಬಂಡೆ ಎರಡೂ ಇಲ್ಲಿ ಕೆಲಸಕ್ಕೆ ಬರುತ್ತವೆ. ಮೊದಲ ವಾರ 3 ಕೆಜಿಯಿಂದ ಶುರು ಮಾಡಿ ವಾರಕ್ಕೆ ಒಂದೂವರೆ ಕೆಜಿಯಂತೆ ಏರಿಸಿ, ಐದನೇ ವಾರಕ್ಕೆ 9 ಕೆಜಿಗೆ ನಿಲ್ಲಿಸಿ. ವಾರಕ್ಕೆ ಮೂರು ದಿನ, ನಡುವೆ ಬಿಡುವು. ಹೊರೆಗೆ ಕಲ್ಲು, ಅಕ್ಕಿ ಚೀಲ ಬೇಡ, ನೀರಿನ ಬಾಟಲಿ ತುಂಬಿ. ಏರುವಾಗ ಪೂರ್ತಿ ಹೊತ್ತು, ಮೇಲೆ ಹೋದ ಮೇಲೆ ಅರ್ಧ ನೀರನ್ನು ಯಾವುದಾದರೂ ಗಿಡದ ಬುಡಕ್ಕೆ ಸುರಿದು ಹಗುರಾಗಿ ಇಳಿಯಲಿ. ಮಂಡಿ ಹಾಳಾಗುವುದು ಇಳಿಜಾರಿನಲ್ಲಿ. ನಾಲ್ಕನೇ ವಾರದಿಂದ ಮಾತ್ರ ಪೂರ್ತಿ ಹೊರೆ ಹೊತ್ತು ಇಳಿಯಲಿ, ಮಂಡಿ ತುಸು ಬಗ್ಗಿಸಿ, ಹೆಜ್ಜೆ ಚಿಕ್ಕದಾಗಿಟ್ಟು. ಹನಿ ಬಿದ್ದಾಗ ಎಚ್ಚರ. ಜನರ ಕಾಲಿಗೆ ಸವೆದು ನುಣುಪಾದ ಮೆಟ್ಟಿಲು ಒರಟು ಬಂಡೆಗಿಂತ ಹೆಚ್ಚು ಜಾರುತ್ತದೆ. ತಿಂಡಿ ಬ್ಯಾಗಿನೊಳಗಿರಲಿ, ಕೈಯಲ್ಲಿ ಹಿಡಿದರೆ ಕೋತಿ ಬಿಡುವುದಿಲ್ಲ.

ಜೋಗಿಮಟ್ಟಿಯ ಏರುದಾರಿ ಉದ್ದ ನಡಿಗೆಗೆ ಚೆನ್ನಾಗಿದೆ. ಆದರೆ ಅದು ವನ್ಯಧಾಮ, ಚಿರತೆ-ಕರಡಿ ಇರುವ ಕಾಡು. ಅರಣ್ಯ ಇಲಾಖೆಯ ಅನುಮತಿ ಪಡೆದು, ದೊಡ್ಡವರ ಜೊತೆ, ಹಗಲಲ್ಲೇ ಹೋಗಿ ಬನ್ನಿ.

ಒಂದು ಗಂಭೀರ ವಿಷಯ. ಅಮೆರಿಕದ ಕಾಡಿನಲ್ಲಿ ಬಳಸುವ ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಂದೇಶ ಸಾಧನವನ್ನು ಅಭ್ಯಾಸಕ್ಕೆಂದು ಊರಿಗೆ ತರಬೇಡಿ. ಭಾರತದಲ್ಲಿ ಅನುಮತಿಯಿಲ್ಲದೆ ಉಪಗ್ರಹ ಫೋನು, ಸಂದೇಶ ಸಾಧನ ಇಟ್ಟುಕೊಳ್ಳುವುದು ಕಾನೂನುಬಾಹಿರ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕವರ ಮೇಲೆ ಪ್ರಕರಣ ದಾಖಲಾದದ್ದಿದೆ.

ಶೂ ಹೊಸದಾದರೆ ಈಗಲೇ ಹಾಕಲಿ, ಅಲ್ಲಿ ಹಾಕುವ ಅದೇ ಸಾಕ್ಸ್ ಜೊತೆ. ಸಾಕ್ಸ್ ಉಣ್ಣೆಯದ್ದೋ ಸಿಂಥೆಟಿಕ್ಕೋ ಇರಲಿ. ಹತ್ತಿಯದ್ದು ಬೆವರು ಹಿಡಿದುಕೊಂಡು ಚರ್ಮ ಮೆತ್ತಗಾಗಿಸಿ ಬೊಬ್ಬೆ ತರಿಸುತ್ತದೆ. ಮಕ್ಕಳಿಗೆ ಕಲಿಸಬೇಕಾದ್ದು ಒಂದೇ: ಹಿಮ್ಮಡಿ ಬಿಸಿಯಾದಂತೆ ಅನ್ನಿಸಿದ ಕ್ಷಣ ಗುಂಪನ್ನು ನಿಲ್ಲಿಸಿ ಟೇಪ್ ಹಾಕಿಕೊಳ್ಳಬೇಕು. ನಮ್ಮ ಮಕ್ಕಳು ನಾಚಿಕೆಯಿಂದ, ಎಲ್ಲರಿಗೂ ತಡವಾಗುತ್ತೆ ಅಂತ, ಹೇಳುವುದೇ ಇಲ್ಲ. ಸಂಜೆ ಶೂ ಬಿಚ್ಚಿದಾಗ ನಾಲ್ಕಾಣೆಯಗಲ ಚರ್ಮ ಕಿತ್ತು ಬಂದಿರುತ್ತದೆ, ಮಾರನೇ ದಿನ ಇಡೀ ಗುಂಪೇ ನಿಧಾನ. ಕೋಟೆಯಲ್ಲೇ ಆ ಅಭ್ಯಾಸ ಮಾಡಿಸಿ.

ಊಟಕ್ಕೆ ನಮ್ಮ ಊರಿನ ತಿಂಡಿ ಕಟ್ಟಿಕೊಡಬಹುದಾ ಅಂತ ಅಜ್ಜಿಯಂದಿರು ಕೇಳುತ್ತಿರುವುದಕ್ಕೆ. ಸಿಯೆರಾದ ಹಲವು ಭಾಗಗಳಲ್ಲಿ ಊಟವನ್ನು ಕರಡಿ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲೇ ಇಡಬೇಕೆಂಬ ನಿಯಮವಿದೆ. ಸಾಮಾನ್ಯ ದೊಡ್ಡ ಡಬ್ಬಿಯ ಜಾಗ ಸುಮಾರು ಹನ್ನೊಂದೂವರೆ ಲೀಟರ್. ಅದರೊಳಗೆ ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್, ತುಟಿಗೆ ಹಚ್ಚುವುದು, ಹೀಗೆ ವಾಸನೆ ಬರುವ ಸಮಸ್ತವೂ ಕೂರಬೇಕು. ನಮ್ಮ ಮಂಡಕ್ಕಿ 100 ಗ್ರಾಂ ತೆಗೆದುಕೊಂಡರೆ ಒಂದೂವರೆ ಲೀಟರಿಗೂ ಹೆಚ್ಚು ಜಾಗ ತಿನ್ನುತ್ತದೆ. ಅಷ್ಟೇ ತೂಕದ ಶೇಂಗಾ ಒಂದು ಲೋಟದೊಳಗೆ ಹಿಡಿಯುತ್ತದೆ, ಮೇಲಾಗಿ 560 ಕ್ಯಾಲರಿಗೂ ಹೆಚ್ಚು ಕೊಡುತ್ತದೆ. ಹಾಗಾಗಿ ಮಂಡಕ್ಕಿ ಇಲ್ಲೇ ತಿನ್ನಲಿ. ಕಾಡಿಗೆ ಹೊಂದುವುದು ಶೇಂಗಾ ಚಿಕ್ಕಿ, ರಾಗಿ ಹುರಿಹಿಟ್ಟು, ತೆಳು ಅವಲಕ್ಕಿ, ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಹುರಿಹಿಟ್ಟಿಗೆ ಬೆಲ್ಲ ಬೆರೆಸಿ ಪೊಟ್ಟಣ ಕಟ್ಟಿದರೆ ತಣ್ಣೀರಲ್ಲೇ ಕಲಸಿ ತಿನ್ನಬಹುದು, ಒಲೆ ಉರಿಸುವುದೇ ಬೇಡ. ಕಡಕ್ ರೊಟ್ಟಿ ಒಡೆಯುತ್ತದೆ, ಒಡೆದೇ ತುಂಬಿ. ಆದರೆ ಶೇಂಗಾ ಕಟ್ಟುವ ಮೊದಲು ಕಂಪನಿಗೆ ಕೇಳಲೇಬೇಕು. ಗುಂಪಿನಲ್ಲಿ ಯಾರಿಗಾದರೂ ಶೇಂಗಾ ಅಲರ್ಜಿ ಇದ್ದರೆ ಅದನ್ನು ಪೂರ್ತಿ ನಿಷೇಧಿಸುತ್ತಾರೆ. ಸಸ್ಯಾಹಾರಿ ಅಂತ ಬರೆದರೆ ಸಾಲದು, ಮೊಟ್ಟೆ ತಿನ್ನುತ್ತಾರಾ, ಜೆಲಾಟಿನ್ ಆಗುತ್ತದಾ ಅಂತ ಬಿಡಿಸಿ ಬರೆಯಿರಿ.

ಶೌಚದ ವಿಷಯ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಮಕ್ಕಳು ಹೆದರುವುದು ಅದಕ್ಕೇ. ಹೆದರಿ ಎರಡು ದಿನ ತಡೆದುಕೊಂಡು, ನೀರು ಕುಡಿಯುವುದನ್ನೇ ಕಡಿಮೆ ಮಾಡಿ, ಮೂರನೇ ದಿನ ತಲೆನೋವು-ಹೊಟ್ಟೆನೋವಿನಿಂದ ಮಲಗುತ್ತಾರೆ. ಕ್ರಮ ಹೀಗಿದೆ: ನೀರು, ದಾರಿ, ಕ್ಯಾಂಪ್ ಮೂರರಿಂದಲೂ 200 ಅಡಿ, ಅಂದರೆ ದೊಡ್ಡವರ 70 ಹೆಜ್ಜೆ ದೂರ. ಸಣ್ಣ ಸಲಿಕೆಯಿಂದ 6ರಿಂದ 8 ಅಂಗುಲ ಆಳದ ಗುಂಡಿ. ಮುಗಿದ ಮೇಲೆ ಅದೇ ಮಣ್ಣು ಮುಚ್ಚಬೇಕು. ಕಾಗದ ಬಳಸಿದರೆ ಸಿಯೆರಾದಲ್ಲಿ ಚೀಲದಲ್ಲಿ ಹೊತ್ತು ತರಬೇಕು. ನೀರು ಬಳಸುವ ನಮ್ಮ ರೂಢಿಗೆ ಅರ್ಧ ಲೀಟರಿನ ಬಾಟಲಿಗೆ ಸಿಕ್ಕಿಸುವ ಸಣ್ಣ ಚಿಮ್ಮುಮೂತಿ ಸಿಗುತ್ತದೆ, ಕೆಲವೇ ಗ್ರಾಂ ತೂಕ, ಹೊತ್ತು ತರುವ ಕಸವೂ ಕಡಿಮೆ. ಆ ಬಾಟಲಿ ಬೇರೆಯೇ ಇರಲಿ, ಗುರುತು ಹಾಕಿ. ಕೈಗೆ ಸೋಪು, ಅದೂ ತೊರೆಯಿಂದ 200 ಅಡಿ ದೂರದಲ್ಲೇ.

ಇನ್ನು ಮುಂದಾಳುಗಳು. 10-12 ಮಕ್ಕಳಿಗೆ ಕನಿಷ್ಠ ಇಬ್ಬರು. ಒಬ್ಬರು ಗಾಯಗೊಂಡ ಮಗುವಿನ ಜೊತೆ ನಿಂತರೆ ಇನ್ನೊಬ್ಬರು ಉಳಿದವರನ್ನು ನೋಡಬೇಕಲ್ಲ. ಅವರಿಗೆ ಇರುವುದು ವೈಲ್ಡರ್‌ನೆಸ್ ಫಸ್ಟ್ ಏಡ್ ಪ್ರಮಾಣಪತ್ರವೋ ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್‌ದೋ ಕೇಳಿ. ಮೊದಲನೆಯದು 16 ಗಂಟೆಯ ತರಬೇತಿ, ಎರಡನೆಯದು 70-80 ಗಂಟೆಯದ್ದು. ಎಂಟು ದಿನದ ಪ್ರವಾಸಕ್ಕೆ ಎರಡನೆಯದೇ ಬೇಕು. ಅವಧಿ ಮುಗಿದಿಲ್ಲ ಅಂತಲೂ ನೋಡಿ. ಆಮೇಲೆ ಕೇಳಿ: ಐದನೇ ದಿನ ಕಾಲು ಮುರಿದರೆ ಹತ್ತಿರದ ರಸ್ತೆಗೆ ಎಷ್ಟು ಗಂಟೆ, ಹೊರಗೆ ಕರೆತರುವ ಖರ್ಚು ಯಾರದ್ದು? ಆಸ್ತಮಾ ಇನ್‌ಹೇಲರ್, ಎಪಿಪೆನ್ (ತೀವ್ರ ಅಲರ್ಜಿಗೆ ಚುಚ್ಚಿಕೊಳ್ಳುವ ಔಷಧಿ) ಇದ್ದರೆ ಎರಡು ಜೊತೆ ಕಳಿಸಿ, ಒಂದು ಮಗುವಿನ ಬಳಿ, ಒಂದು ಮುಂದಾಳಿನ ಬಳಿ.

ವಾಪಸ್ ಹೋಗುವ ದಿನಾಂಕ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕೂ ನಮಗೂ ಹನ್ನೆರಡೂವರೆ ಗಂಟೆಯ ಅಂತರ, ನಿದ್ದೆ ಸರಿಹೋಗಲು ಹತ್ತು ದಿನ ಬೇಕು. ಊರಿನ ನೀರಿನಿಂದ ಹೊಟ್ಟೆ ಕೆಟ್ಟಿದ್ದರೆ ಅದೂ ಅಷ್ಟರಲ್ಲಿ ಗೊತ್ತಾಗುತ್ತದೆ. ವಿಮಾನ ಇಳಿದ ವಾರದಲ್ಲೇ ಬೆಟ್ಟಕ್ಕೆ ಕಳಿಸಬೇಡಿ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಸಿಯೆರಾದಲ್ಲಿ ಮಲಗುವುದು 3000ರ ಹತ್ತಿರ. ಮೊದಲ ರಾತ್ರಿಯನ್ನು 2000-2500 ಮೀಟರ್‌ನಲ್ಲಿ ಕಳೆಯುವ ಪ್ರವಾಸ ಒಳ್ಳೆಯದು. 3000 ಮೀಟರ್ ಎತ್ತರದಲ್ಲಿ ಆಗಸ್ಟ್‌ನಲ್ಲೂ ರಾತ್ರಿ ಶೂನ್ಯದ ಹತ್ತಿರ ಇಳಿಯಬಹುದು. ಹತ್ತಿ ಬನಿಯನ್, ಜೀನ್ಸ್ ಒಂದೂ ಬೇಡ. ಅಜ್ಜಿ ಹೆಣೆದ ಉಣ್ಣೆ ಸ್ವೆಟರ್ ಹಗುರವಿದ್ದರೆ ಖಂಡಿತ ಹಾಕಿ, ಉಣ್ಣೆ ಒದ್ದೆಯಾದರೂ ಬಿಸಿ ಕೊಡುತ್ತದೆ.

ಅಜ್ಜ-ಅಜ್ಜಿಗೆ ಮೊದಲೇ ಹೇಳಿಡಿ: ಎಂಟು ದಿನ ಫೋನ್ ಬರುವುದಿಲ್ಲ. ಕಂಪನಿಯವರು ಕರೆ ಮಾಡುವುದು ಏನಾದರೂ ಆದಾಗ ಮಾತ್ರ, ಸುದ್ದಿಯಿಲ್ಲ ಅಂದರೆ ಮಗು ನಡೆಯುತ್ತಿದೆ ಅಂತ ಅರ್ಥ.

ಬ್ರಿಟನ್‌ನಲ್ಲಿರುವ ನಮ್ಮ ದುರ್ಗದವರಿಗೆ ಸಂಬಂಧಿಸಿದ್ದು, ಬಳಗದ ಇನ್ನೊಬ್ಬ ಸದಸ್ಯರು ಹೇಳಿದ್ದು: ಅಲ್ಲಿ ಹೆಚ್ಚಿನ ಮಕ್ಕಳು ಹೋಗುವುದು ಶಾಲೆಯ ಮೂಲಕ ಡ್ಯೂಕ್ ಆಫ್ ಎಡಿನ್‌ಬರೋ ಅವಾರ್ಡ್‌ಗೆ. 1956ರಿಂದ ನಡೆದುಬಂದ ಯುವಜನರ ಕಾರ್ಯಕ್ರಮ, ಅದರ ಒಂದು ಭಾಗ ಮೂರು ಹಂತದ ಚಾರಣ. ಕಂಚು ಎರಡು ಹಗಲು ಒಂದು ರಾತ್ರಿ, ಬೆಳ್ಳಿ ಮೂರು ಹಗಲು, ಚಿನ್ನ ನಾಲ್ಕು ಹಗಲು ಮೂರು ರಾತ್ರಿ. ವ್ಯತ್ಯಾಸ ಏನೆಂದರೆ ಅಲ್ಲಿ ಅವಾರ್ಡ್‌ನ ಲೆಕ್ಕಕ್ಕೆ ಬರುವ ನಡಿಗೆಯಲ್ಲಿ ದೊಡ್ಡವರು ಜೊತೆಗೆ ನಡೆಯುವುದಿಲ್ಲ, ದೂರದಿಂದ ಗಮನಿಸುತ್ತಾರೆ. ಹಾಗಾಗಿ ನಕ್ಷೆ ಮತ್ತು ದಿಕ್ಸೂಚಿ ಮಗುವಿಗೇ ಬರಬೇಕು. ಸಹಾಯದ ಸಂಕೇತವೂ ಬೇರೆ: ಬ್ರಿಟನ್‌ನ ಬೆಟ್ಟಗಳಲ್ಲಿ ನಿಮಿಷಕ್ಕೆ ಆರು ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು. ಅಮೆರಿಕದಲ್ಲಿ ಮೂರು.

ಹೆಣ್ಣುಮಕ್ಕಳ ಮುಟ್ಟಿನ ಬಗ್ಗೆ ಖಾಸಗಿಯಾಗಿ ಕೇಳಿದವರಿಗೆ: ದಿನ ಲೆಕ್ಕ ಹಾಕಿ ಬರುವುದಿಲ್ಲ ಅನ್ನಿಸಿದರೂ ಬೇಕಾದ ಸಾಮಾನು ಕಟ್ಟಿ ಕಳಿಸಿ. ಎತ್ತರ, ದಣಿವು, ಪ್ರಯಾಣದಿಂದ ದಿನ ಹಿಂದೆಮುಂದೆ ಆಗುತ್ತದೆ. ಪ್ಯಾಡ್, ಹಾಕಿದ್ದು ಹೊರಗೆ ಕಾಣದಂತೆ ಒಳಗೆ ಫಾಯಿಲ್ ಅಂಟಿಸಿದ ಎರಡು ಜಿಪ್ ಚೀಲ, ನೋವಿನ ಮಾತ್ರೆ. ಬಳಸಿದ್ದನ್ನು ಹೂಳುವಂತಿಲ್ಲ, ಪ್ರಾಣಿ ಅಗೆಯುತ್ತದೆ. ಚೀಲದಲ್ಲಿ ಹಾಕಿ ರಾತ್ರಿ ಕರಡಿ ಡಬ್ಬಿಯಲ್ಲೇ ಇಡಬೇಕು. ಮುಂದಾಳುಗಳಲ್ಲಿ ಒಬ್ಬರಾದರೂ ಹೆಂಗಸು ಇದ್ದಾರಾ ಅಂತ ನೋಂದಣಿಗೆ ಮೊದಲೇ ಕೇಳಿ.

ಹೊರಡುವುದಕ್ಕೆ ಒಂದು ವಾರ ಮೊದಲು ಅಜ್ಜಿ ಮನೆ ತಾರಸಿಯ ಮೇಲೆ ಒಂದು ರಾತ್ರಿ. ಕತ್ತಲಾದ ಮೇಲೆ, ತಲೆಗೆ ಕಟ್ಟುವ ಟಾರ್ಚಿನ ಬೆಳಕಲ್ಲಿ, ಯಾರ ಸಹಾಯವೂ ಇಲ್ಲದೆ ಮಗು ಟೆಂಟ್ ಹಾಕಲಿ. ತಾರಸಿಯಲ್ಲಿ ಗೂಟ ಹೊಡೆಯಲಾಗದು, ಹಗ್ಗಕ್ಕೆ ಇಟ್ಟಿಗೆ ಕಟ್ಟಲಿ, ಸಿಯೆರಾದ ಬಂಡೆನೆಲದಲ್ಲೂ ಕಲ್ಲಿಗೇ ಕಟ್ಟಬೇಕಾಗುತ್ತದೆ. ಆಮೇಲೆ ಎರಡು ಬಕೆಟ್ ನೀರು ಮೇಲಿಂದ ಸುರಿಯಿರಿ. ಹೊರಹೊದಿಕೆ ಸಡಿಲಾಗಿ ಒಳಬಟ್ಟೆಗೆ ತಾಗಿದ ಕಡೆಯಲ್ಲೆಲ್ಲ ನೀರು ಒಳಗೆ ಇಳಿಯುತ್ತದೆ. ಎಲ್ಲಿ ಇಳಿಯಿತು ಅಂತ ಮಗುವೇ ನೋಡಿ ಹಗ್ಗ ಬಿಗಿದು, ಅದೇ ಟೆಂಟಿನಲ್ಲಿ ಬೆಳಗಿನವರೆಗೆ ಮಲಗಲಿ.