‘ಪ್ರೆಸೆಂಟ್ಲಿ’ ಅಂದ್ರೆ ಈಗಲೋ, ಆಮೇಲೋ?

ಅಡಿಕೆತೋಟ (ಶಿರಸಿ):
ನಮ್ಮದು ಶಿರಸಿ ಹತ್ತಿರ ತೋಟದ ಮನೆ. ಎರಡು ಕೋಣೆ ಹೋಂಸ್ಟೇಗೆ ಬಿಟ್ಟಿದ್ದೇವೆ. ಹೋದ ವಾರ ಇಂಗ್ಲೆಂಡಿನ ವಯಸ್ಸಾದ ಗಂಡ ಹೆಂಡತಿ ಬರೋರಿದ್ದರು. ಗೋಕರ್ಣದಲ್ಲಿ ಉಳಿದಿದ್ದವರು ಬೆಳಿಗ್ಗೆ ಒಂಬತ್ತೂವರೆಗೆ ವಾಟ್ಸಾಪ್ ಮಾಡಿದರು: ‘ವಿ ಶಲ್ ಬಿ ಲೀವಿಂಗ್ ಪ್ರೆಸೆಂಟ್ಲಿ.’

ನಾನು ಮೂವತ್ತು ವರ್ಷ ಆಫೀಸಿನಲ್ಲಿ ಇಂಗ್ಲಿಷ್ ಕಾಗದ ಬರೆದವನು. ಪ್ರೆಸೆಂಟ್ಲಿ ಅಂದ್ರೆ ಸದ್ಯ, ಈಗ. ‘ಪ್ರೆಸೆಂಟ್ಲಿ ವರ್ಕಿಂಗ್ ಆ್ಯಟ್ ಶಿರಸಿ’ ಅಂತ ಎಷ್ಟು ಜನರಿಗೆ ಅರ್ಜಿ ಬರೆದುಕೊಟ್ಟಿಲ್ಲ! ಸರಿ, ಹೊರಟರು ಅಂದುಕೊಂಡೆ. ದೇವಿಮನೆ ಘಟ್ಟ ಹತ್ತಿ, ನಡುವೆ ಒಂದು ಚಹಾ ಕುಡಿದರೂ ಹನ್ನೆರಡಕ್ಕೆ ಮನೆ. ಹನ್ನೊಂದೂ ಮುಕ್ಕಾಲಿಗೆ ಹಲಸಿನ ಹಪ್ಪಳ ಕರಿದಾಯಿತು, ಬಾಳೆ ಹಾಕಿಯಾಯಿತು. ಅವರು ಬಂದದ್ದು ಎರಡೂವರೆಗೆ. ಹೊರಗೆ ಜಡಿಮಳೆ. ಹಪ್ಪಳ ಒದ್ದೆ ಬಟ್ಟೆಯ ಹಾಗೆ ಮಡಚಿಕೊಳ್ಳುತ್ತಿತ್ತು, ಮುರಿದರೆ ಸದ್ದೇ ಇಲ್ಲ.

ಕೇಳಿದರೆ ಆ ಅಜ್ಜ, ‘ಇನ್ನು ಸ್ವಲ್ಪ ಹೊತ್ತಿಗೆ ಹೊರಡ್ತೇವೆ ಅಂತ ತಾನೇ ಬರೆದದ್ದು?’ ಅಂದರು. ಯಾರದು ಸರಿ?

ಕುಮಟೆ ಮೇಷ್ಟ್ರು:
ಇಬ್ಬರದೂ ಸರಿ, ಜಗಳ ಬೇಡ. ಆದರೆ ಆ ವಾಕ್ಯದ ಮಟ್ಟಿಗೆ ಅಜ್ಜನೇ ಗೆದ್ದರು.

ಬೇರು ಲ್ಯಾಟಿನ್‌ನದು. ‘ಪ್ರೇ’ ಅಂದ್ರೆ ಮುಂದೆ, ‘ಎಸ್ಸೆ’ ಅಂದ್ರೆ ಇರು. ಕಣ್ಣೆದುರಿಗೆ ಇರೋದು ಪ್ರೆಸೆಂಟ್. ಹಾಜರಿ ಕೂಗಿದಾಗ ನಾವು ‘ಪ್ರೆಸೆಂಟ್ ಸಾರ್’ ಅಂತಿದ್ದದ್ದು ಇದನ್ನೇ. ಹಾಗಾಗಿ ಪ್ರೆಸೆಂಟ್ಲಿಗೆ ಹಿಂದೆ ‘ಈ ಕ್ಷಣವೇ’ ಅನ್ನೋ ಖಡಕ್ ಅರ್ಥ ಇತ್ತು. ಶೇಕ್ಸ್‌ಪಿಯರ್‌ನ ‘ಟೆಂಪೆಸ್ಟ್’ ನಾಟಕದಲ್ಲಿ ಪ್ರಾಸ್ಪೆರೊ ಒಂದು ಕೆಲಸ ಹೇಳ್ತಾನೆ. ಏರಿಯಲ್ ಒಂದೇ ಮಾತು ಕೇಳೋದು: ‘ಪ್ರೆಸೆಂಟ್ಲಿ?’ ಹೌದು, ಕಣ್ಣು ಮಿಟುಕಿಸೋದರೊಳಗೆ ಅಂತ ಉತ್ತರ. ನಿಮ್ಮ ಹಪ್ಪಳ ಆ ಕಾಲದಲ್ಲಾಗಿದ್ದರೆ ಉಳೀತಿತ್ತು!

ಆಮೇಲೆ ಅದು ಸಡಿಲವಾಗುತ್ತಾ ‘ಇನ್ನೇನು, ಸ್ವಲ್ಪ ಹೊತ್ತಿಗೆ’ ಆಯಿತು. ನಿಮ್ಮ ‘ಸದ್ಯ’ ಕೂಡ ಹೊಸದಲ್ಲ, 15ನೇ ಶತಮಾನದಿಂದ ಇದೆ. 17ನೇ ಶತಮಾನದ ನಂತರ ಇಂಗ್ಲೆಂಡಿನವರ ಬರವಣಿಗೆಯಲ್ಲಿ ಅದು ಹಿಂದೆ ಸರಿಯಿತು. ಸ್ಕಾಟ್ಲೆಂಡಿನಲ್ಲೂ ಅಮೆರಿಕದಲ್ಲೂ ಉಳಿಯಿತು. ನಮ್ಮ ಆಫೀಸುಗಳಲ್ಲಂತೂ ಅದೊಂದೇ ಅರ್ಥ. ಗುರುತು ಹಿಡಿಯೋಕೆ ಕ್ರಿಯಾಪದ ನೋಡಿ. ‘ಈಸ್, ಆರ್’ ಜೊತೆ ಬಂದರೆ ಹೆಚ್ಚಾಗಿ ಸದ್ಯ. ‘ವಿಲ್, ಶಲ್’ ಜೊತೆ ಬಂದರೆ ಆಮೇಲೆ. ಅವರು ಬರೆದದ್ದು ‘ಶಲ್’.

ಕಾಳಿದಂಡೆ (ಕಾರವಾರ):
ಮೇಷ್ಟ್ರೇ, ಇದಕ್ಕೆ ಒಂದು ಸೇರಿಸಲಾ? ನಮ್ಮ ಮನೇಲಿ ಅಜ್ಜಿಯ ಇಂಗ್ಲಿಷ್ ಬೈಬಲ್ ಇದೆ, 1611ರ ಅನುವಾದ. ಮತ್ತಾಯನ 21ನೇ ಅಧ್ಯಾಯದಲ್ಲಿ ಯೇಸು ಶಪಿಸಿದ ಅಂಜೂರದ ಮರ ‘ಪ್ರೆಸೆಂಟ್ಲಿ’ ಒಣಗುತ್ತದೆ, ಅಂದ್ರೆ ನಿಂತ ನಿಲುವಿನಲ್ಲೇ. ಮುಂದಿನ ವಚನದಲ್ಲೇ ಶಿಷ್ಯರು, ಎಷ್ಟು ‘ಸೂನ್’ ಒಣಗಿತು ಅಂತ ಬೆರಗಾಗುತ್ತಾರೆ. ಸಣ್ಣವಳಿದ್ದಾಗ ನನಗೆ ಇದು ಅರ್ಥವೇ ಆಗ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒಣಗಿದರೆ ಅದೇನು ಪವಾಡ ಅಂತ!

‘ಸೂನ್’ ಕತೆಯೂ ಇದೇ. ಹಳೇ ಇಂಗ್ಲಿಷಿನ ‘ಸೋನಾ’ಗೆ ತಕ್ಷಣ ಅಂತಲೇ ಅರ್ಥ. ‘ಅನಾನ್’ ಅಂದ್ರೆ ಮೊದಲು ‘ಒಂದರಲ್ಲಿ’, ಹಾಗಾಗಿ ಒಂದೇ ಏಟಿಗೆ. ‘ಬೈ ಆ್ಯಂಡ್ ಬೈ’ ಕೂಡ ಒಂದು ಕಾಲಕ್ಕೆ ಕೂಡಲೇ. ಎಲ್ಲವೂ ‘ಈಗಲೇ’ ಅಂತ ಶುರುವಾಗಿ ‘ನೋಡೋಣ’ಕ್ಕೆ ಇಳಿದವು. ಈಗಲೇ ಅಂದವರು ಈಗಲೇ ಮಾಡದಿದ್ದರೆ ಪದವಾದರೂ ಎಷ್ಟು ದಿನ ತಡೆದೀತು?

ನಾವೇನು ಕಮ್ಮಿ ಅಲ್ಲ. ನಮ್ಮ ಪ್ಲಂಬರ್ ಫೋನಿನಲ್ಲಿ ‘ಬಂದೆ ಬಂದೆ, ಈಗ ಬಂದೆ’ ಅಂತಾನೆ. ವ್ಯಾಕರಣದ ಪ್ರಕಾರ ಬಂದು ಮುಗಿದಿದೆ. ಆಸಾಮಿ ಇನ್ನೂ ಸೇತುವೆ ಆಚೆ ಸದಾಶಿವಗಡದಲ್ಲಿ ಲುಂಗಿಯಲ್ಲಿರ್ತಾನೆ.

ಘಟ್ಟದ ಕೆಳಗೆ:
ಇಷ್ಟೆಲ್ಲ ಪುರಾಣ ಯಾಕೆ? ಫೋನ್ ಮಾಡಿ ‘ಎಷ್ಟು ಗಂಟೆಗೆ’ ಅಂತ ಕೇಳಬಾರದಿತ್ತಾ?

ಅಡಿಕೆತೋಟ (ಶಿರಸಿ):
ನಮ್ಮ ಕಡೆ ಮಳೆಗಾಲದ ನೆಟ್‌ವರ್ಕ್ ಗೊತ್ತಿದ್ದವರು ಹೀಗೆ ಕೇಳೋದಿಲ್ಲ ಮಾರಾಯ್ರೇ.

ಮೇಷ್ಟ್ರಿಗೂ ಕಾರವಾರದ ತಂಗಿಗೂ ಧನ್ಯವಾದ. ‘ಶಲ್’ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅಂದಹಾಗೆ ಆ ಮೆತ್ತನೆ ಹಪ್ಪಳವನ್ನು ಅಜ್ಜ ಇಷ್ಟಪಟ್ಟು ಆರು ತಿಂದರು. ಹಪ್ಪಳ ಇರೋದೇ ಹಾಗೆ ಅಂದುಕೊಂಡಿರಬೇಕು.

ಇದನ್ನೆಲ್ಲ ಮನೆಯವಳಿಗೆ ಓದಿ ಹೇಳಿದೆ. ‘ನೀವು ಪೇಟೆಯಿಂದ ಹೊರಟೆ ಅಂತ ಫೋನ್ ಮಾಡಿದಾಗ ನಾನೇನು ಸಾರು ಬಿಸಿಗೆ ಇಡ್ತೇನಾ?’ ಅಂದಳು.