ಡಿಸೆಂಬರ್‌ನಲ್ಲಿ ತಾಹೋ: ಹೈವೇ 50 ಹತ್ತೋದಾ, 80 ಹತ್ತೋದಾ? ಅನುಭವ ಇದ್ದೋರು ಹೇಳಿ

ಫ್ರೀಮಾಂಟ್ ಕನ್ನಡಿಗ: ಊರಿಂದ ಅಪ್ಪ ಅಮ್ಮ ಬಂದಿದಾರೆ, ಸ್ನೋ ನೋಡ್ಬೇಕು ಅಂತಿದಾರೆ. ಕ್ರಿಸ್‌ಮಸ್ ರಜೆಗೆ ತಾಹೋ ಕೆರೆಯ ದಕ್ಷಿಣ ದಡದ ಊರು ಸೌತ್ ಲೇಕ್ ತಾಹೋಗೆ ಪ್ಲ್ಯಾನು. ನಮ್ದು ಫ್ರಂಟ್ ವೀಲ್ ಡ್ರೈವ್ ಸೆಡಾನ್. ಯಾವ ರೂಟ್ ವಾಸಿ?

ಸ್ಯಾನ್ ಹೋಸೆ ರಾಯರು: 80ರ ಕಥೆ ನನ್ನ ಕೇಳಿ. ಕೋಲ್ಫ್ಯಾಕ್ಸ್ ಊರು ದಾಟಿದ್ಮೇಲೆ ಚೈನ್ ಕಂಟ್ರೋಲು, ಅಂದ್ರೆ ಹಿಮದಲ್ಲಿ ಜಾರದ ಹಾಗೆ ಟೈರಿಗೆ ಚೈನ್ ಸುತ್ತಿದ್ರೇನೇ ಮುಂದೆ ಬಿಡೋದು. ಚೈನ್‌ಗೆ 96 ಡಾಲರ್ ಆಗಿತ್ತು, ರೋಡ್ ಪಕ್ಕ ಹಾಕಿಕೊಟ್ಟೋನು 40 ಇಸ್ಕೊಂಡ, ಆದ್ರೆ ಕೊಂಡಿ ಬಿಗಿಯಾಗಿ ಹಾಕ್ಲೇ ಇಲ್ಲ. 80ರ ಘಾಟಿಯ ನೆತ್ತಿ ಡಾನರ್ ಸಮಿಟ್ 7,239 ಅಡಿ, ಅಲ್ಲಿಗೆ ಮುಟ್ಟೋ ಮುಂಚೆನೇ ಎಡಗಡೆ ಟಪ ಟಪ ಶುರು, ಬಿಚ್ಚಿದ ತುದಿ ಬಡಿದೂ ಬಡಿದೂ ಫೆಂಡರ್ ಒಳಗಿನ ಪ್ಲಾಸ್ಟಿಕ್ ಹರಿದು ಬ್ರೇಕಿನ ಎಬಿಎಸ್ ವೈರ್ ಕಿತ್ಕೊಂಡು ಬಂತು. ಟೋಯಿಂಗ್ 385, ರಿಪೇರಿ 640, ಪಾರ್ಟ್ ಬರೋ ತನಕ ಟ್ರಕಿ ಊರಲ್ಲಿ ಹೋಟೆಲ್ ರಾತ್ರಿಗೆ 290. ಈಗ್ಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಮಲ್ನಾಡ್ ಗೌಡ: ಅದಕ್ಕೇ ಅಲ್ವಾ ನಾನು ಆಲ್ ವೀಲ್ ಡ್ರೈವ್ ತಗೊಂಡಿದ್ದು. ನಾಕೂ ವಿಂಟರ್ ಟೈರು, ಫಿಟ್ಟಿಂಗ್ ಸೇರಿ 1,040 ಡಾಲರ್, ಒಂದು ಪೈಸೆನೂ ದಂಡ ಅನ್ಸಿಲ್ಲ. 50ರ ಎಕೋ ಸಮಿಟ್ ಇಳಿಜಾರಲ್ಲಿ ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ, ಗೇರ್ ಲೋ ಇಟ್ಟು ಬ್ರೇಕ್ ಮುಟ್ಟದೆ ಇಳಿಸಿದೀನಿ. ಚೈನ್ ಎಲ್ಲಾ ಹಳೇ ಕಾಲದ್ದು.

ಸ್ಯಾನ್ ಹೋಸೆ ರಾಯರು: ಗೌಡ್ರೇ, ಹೊಸಬರ ದಾರಿ ತಪ್ಪಿಸ್ಬೇಡಿ. ಚೈನ್ ಕಂಟ್ರೋಲಲ್ಲಿ ಆರ್2 ಅನ್ನೋ ಹಂತ ಇದ್ದಾಗ ನಿಮ್ ಗಾಡಿಗೆ ಚೈನ್ ಹಾಕ್ದೇ ಇರೋಕೆ ವಿನಾಯ್ತಿ ಅಷ್ಟೇ, ಡಿಕ್ಕೀಲಿ ಚೈನ್ ಇರ್ಲೇಬೇಕು. ಅದಕ್ಕೂ ಬಿಗಿ ಹಂತ ಆರ್3 ಬಂದ್ರೆ ಯಾರಿಗೂ ವಿನಾಯ್ತಿ ಇಲ್ಲ. ನಾಕು ಚಕ್ರ ತಿರುಗಿದ್ರೆ ಗಾಡಿ ಏರುತ್ತೆ ನಿಜ, ಐಸ್ ಮೇಲೆ ಬೇಗ ನಿಲ್ಲುತ್ತೆ ಅಂತ ಯಾರ್ ಹೇಳಿದ್ರು?

ಮಲ್ನಾಡ್ ಗೌಡ: ನಿಲ್ಸೋದು ಟೈರು ಸ್ವಾಮಿ, ಅದಕ್ಕೇ ದುಡ್ಡು ಸುರಿದಿದ್ದು! ಆರ್3 ಹಾಕೋ ಮೊದ್ಲೇ ಸುಮಾರು ಸಲ ರೋಡೇ ಮುಚ್ತಾರೆ. ನಲವತ್ತು ಡಾಲರ್ ಕೊಟ್ಟು ಯಾರೋ ಕೈಲಿ ಚೈನ್ ಹಾಕಿಸ್ಕೊಂಡೋರು ನಂಗೆ ಪಾಠ ಹೇಳೋದು ಬೇಡ.

ಸ್ಯಾಕ್ರಮೆಂಟೊ ಅಕ್ಕ: ಇಬ್ರೂ ಸುಮ್ನಿರಿ. ನಮ್ದು ಎಲೆಕ್ಟ್ರಿಕ್ ಕಾರು, 50 ಮುಚ್ಚಿ ಸ್ಟ್ರಾಬೆರಿ ಅನ್ನೋ ಊರ ಹತ್ರ ನಡುರಾತ್ರಿ ತನಕ ನಿಂತಿದ್ವಿ, ಹೀಟರ್ ಹಾಕಿದ್ರೆ ಚಾರ್ಜ್ ಇಳಿಯುತ್ತೆ, ಹಾಕ್ದೇ ಇದ್ರೆ ಮಗು ಅಳುತ್ತೆ. ವಯಸ್ಸಾದೋರು ಸಕ್ಕರೆ ಮಾತ್ರೆ ತಗೊಂಡು ಆ ಸಾಲಲ್ಲಿ ಹೇಗ್ರೀ ಕೂರ್ತಾರೆ? ಈಗ ನಾವು ರೈಲೇ. ಎಮೆರಿವಿಲ್ಲಲ್ಲಿ ಕ್ಯಾಲಿಫೋರ್ನಿಯಾ ಝೆಫಿರ್ ಹತ್ತಿದ್ರೆ ನೆಟ್ಟಗೆ ಟ್ರಕಿ.

ಮಲ್ನಾಡ್ ಗೌಡ: ರೈಲೇನು ದೇವ್ರಾ ಅಕ್ಕಾ? 1952ರ ಜನವರೀಲಿ ಅದೇ ಡಾನರ್ ಕಡೆ ರೈಲೇ ಹಿಮದಲ್ಲಿ ಹೂತು ಇನ್ನೂರಕ್ಕೂ ಹೆಚ್ಚು ಜನ ಮೂರು ದಿನ ಸಿಕ್ಕಾಕೊಂಡಿದ್ರು. ಅವ್ರು ಕೇಳಿದ್ದು ಸೌತ್ ಲೇಕ್, ನಿಮ್ ರೈಲು ಬಿಡೋದು ಕೆರೆಯ ಉತ್ತರಕ್ಕೆ.

ಸ್ಯಾಕ್ರಮೆಂಟೊ ಅಕ್ಕ: 1952ರದ್ದು ತೆಗೀತೀರಲ್ಲ, ಹೋದ್ ವರ್ಷ ನಿಮ್ ಗಾಡಿಗಳು ಎಷ್ಟು ಹಳ್ಳಕ್ಕೆ ಬಿದ್ವು ಅದನ್ನ ಹೇಳಿ.

ಸ್ಯಾನ್ ಹೋಸೆ ರಾಯರು: ಫ್ರೀಮಾಂಟಿನವರೇ, ಇವರ ಜಗಳ ಬಿಡಿ. ಕಾರಿನ ಮ್ಯಾನ್ಯುಯಲ್ ತೆಗೆದು ನೋಡಿ, ಎಷ್ಟೋ ಸೆಡಾನ್‌ಗೆ ದಪ್ಪ ಚೈನ್ ಹಿಡಿಸಲ್ಲ, ತೆಳು ಕೇಬಲ್ಲೇ ಆಗಬೇಕು. ಮುಂದಿನ ಚಕ್ರಕ್ಕೇ ಹಾಕಿ, ಮನೆ ಮುಂದೆ ಒಣ ನೆಲದಲ್ಲಿ ಕಲಿತ್ಕೊಳ್ಳಿ, ಆ 40 ಡಾಲರ್ ಯಾವನಿಗೂ ಕೊಡ್ಬೇಡಿ.