ಕ್ಯಾವಿಟಿ ಮಾಡಿಸಿದೀನಿ, ಕ್ಯೂ ಫ್ಯಾಕ್ಟರ್ ಬರ್ತಿಲ್ಲ, ಅನುಭವ ಇರೋರು ಹೇಳಿ

ಪ್ರಶ್ನೆ: ಟ್ರಾನ್ಸ್‌ಮಾನ್ ಕ್ಯೂಬಿಟ್ (ಕ್ವಾಂಟಮ್ ಕಂಪ್ಯೂಟರ್‌ನ ಬಿಟ್) ಕೂರಿಸೋಕೆ 7 ಗಿಗಾಹರ್ಟ್ಸ್ ಅಲ್ಯೂಮಿನಿಯಂ ಕ್ಯಾವಿಟಿ (ಮೈಕ್ರೋವೇವ್ ಅಲೆ ಹಿಡಿದಿಡೋ ಟೊಳ್ಳು ಡಬ್ಬಿ) ಮಾಡಿಸಿದೆ, ಆಯತಾಕಾರದ್ದು, ಎರಡು ತುಂಡು ಸೇರಿಸಿ ಬೋಲ್ಟ್ ಹಾಕೋದು. ತಣ್ಣಗಾದಾಗ ಫ್ರೀಕ್ವೆನ್ಸಿ ಮೇಲಕ್ಕೆ ಹೋಯ್ತು, ಕ್ಯೂ (ಒಳಗಿನ ಅಲೆ ಎಷ್ಟು ನಿಧಾನವಾಗಿ ಕರಗುತ್ತೆ ಅನ್ನೋ ಅಳತೆ) ಒಂದು ಲಕ್ಷನೂ ಮುಟ್ಟಲಿಲ್ಲ. ಎಲ್ಲಿ ತಪ್ಪಿದೀನಿ?

ಉತ್ತರ: ಫ್ರೀಕ್ವೆನ್ಸಿಗೆ ತಲೆ ಕೆಡಿಸ್ಕೋಬೇಡಿ, ಅದು ಲೆಕ್ಕಕ್ಕೆ ಸಿಗುತ್ತೆ. ರೂಮಿನ ಬಿಸಿಯಿಂದ 4 ಕೆಲ್ವಿನ್‌ಗೆ ಇಳಿಯೋಷ್ಟರಲ್ಲಿ ಅಲ್ಯೂಮಿನಿಯಂ ಸುಮಾರು ಶೇ. 0.4 ಕುಗ್ಗುತ್ತೆ, ಅಂದ್ರೆ 7 ಗಿಗಾಹರ್ಟ್ಸ್ ಹತ್ರ 28 ಮೆಗಾಹರ್ಟ್ಸ್ ಮೇಲಕ್ಕೆ, ಗಾಳಿ ತೆಗೆದಾಗ ಇನ್ನೊಂದೆರಡು. ಕ್ಯೂಬಿಟ್ ಇರೋ ಸಫೈರ್ ಚಿಪ್ ಇಟ್ರೆ ಅದು ಕೆಳಗೆ ಎಳೆಯುತ್ತೆ, ಹಾಗಾಗಿ ಖಾಲಿ ಡಬ್ಬಿ ಸಿಮ್ಯುಲೇಟ್ ಮಾಡಿ ಆರ್ಡರ್ ಕೊಡ್ಬೇಡಿ. ಮಿಲ್ಲಿಂಗ್ ಟೂಲ್ ಮೂಲೆಯಲ್ಲಿ ರೇಡಿಯಸ್ ಬಿಡುತ್ತಲ್ಲ, ಅದನ್ನೂ ಮಾಡೆಲ್‌ಗೆ ಹಾಕಿ.

ಇನ್ನೊಬ್ಬರು: ಎರಡು ತುಂಡು ಅಂದ್ರಿ, ಎಲ್ಲಿ ಕತ್ತರಿಸಿದೀರ ಅಂತ ಹೇಳಲಿಲ್ಲ, ನನಗೆ ಅಲ್ಲೇ ಅನುಮಾನ. ನಾನೂ ಮೊದಲನೇದು ಮುಚ್ಚಳದ ಡಬ್ಬಿ ಥರ ಮಾಡಿಸಿದ್ದೆ, ಅಗಲದ ಗೋಡೆನೇ ಮುಚ್ಚಳ. ಈ ಮೋಡ್‌ನಲ್ಲಿ (ಅಲೆ ಡಬ್ಬಿಯೊಳಗೆ ನಿಲ್ಲೋ ರೀತಿ) ಕರೆಂಟ್ ಅಗಲದ ಗೋಡೆಯ ನಡುವಿಂದ ಸುತ್ತಲೂ ಹರಡಿ ಪಕ್ಕದ ಗೋಡೆ ಹಿಡಿದು ಇಳಿಯುತ್ತೆ, ಅಂದ್ರೆ ಪೂರ್ತಿ ಕರೆಂಟ್ ಆ ಜಾಯಿಂಟ್ ದಾಟ್ಲೇಬೇಕು, ಅಲ್ಲಿರೋ ಆಕ್ಸೈಡು, ಸಂದು ಎಲ್ಲಾ ಅದನ್ನ ತಿಂದು ಹಾಕುತ್ತೆ. ಸಿಮ್ಯುಲೇಶನ್‌ನಲ್ಲಿ ಜಾಯಿಂಟೇ ಇರಲ್ಲ ನೋಡಿ, ಎಷ್ಟು ತಿಂಗಳು ಮೆಶ್ (ಲೆಕ್ಕ ಹಾಕೋ ಜಾಲ) ಸಣ್ಣ ಮಾಡ್ಕೊಂಡು ಕೂತಿದ್ದೆ! ಆಮೇಲೆ ಅಗಲದ ಗೋಡೆಗಳ ನಟ್ಟನಡುವೆ ಸೀಳಿಸಿದೆ. ಅಲ್ಲಿ ಸೀಳನ್ನ ಅಡ್ಡ ದಾಟೋ ಕರೆಂಟ್ ಸೊನ್ನೆ, ಚಿಪ್ಪನ್ನೂ ಅಲ್ಲೇ ಕಚ್ಚಿಸಿ ಹಿಡಿಸಬಹುದು. ಅದರ ಮೇಲೆ ಇಂಡಿಯಂ ಅನ್ನೋ ಮೆತ್ತನೆ ಲೋಹದ ತಂತಿನೂ ಒತ್ತಿಸಿದೆ.

ಮತ್ತೊಬ್ಬರು: ಒಪ್ತೀನಿ, ಆದ್ರೆ ಅದಕ್ಕೂ ಮೊದಲು ಒಂದು ಕೇಳ್ಬೇಕು. ನೀವು ಅಳೆದಿದ್ದು ಒಟ್ಟು ಕ್ಯೂನಾ (ಪಿನ್‌ನಿಂದ ಸೋರೋದೂ ಸೇರಿ), ಒಳಗಿನ ಕ್ಯೂನಾ (ಡಬ್ಬಿಯೊಳಗಿನ ನಷ್ಟ ಮಾತ್ರ)? ಸಿಗ್ನಲ್ ಒಳಗೆ-ಹೊರಗೆ ಸಾಗಿಸೋ ಪಿನ್ ಒಳಗೆ ಚಾಚಿದ್ರೆ ಗೋಡೆ ಎಷ್ಟೇ ಚೆನ್ನಾಗಿದ್ರೂ ಒಟ್ಟು ಕ್ಯೂ ಅಲ್ಲೇ ಸಿಕ್ಕಾಕೊಳ್ಳುತ್ತೆ. ಪಿನ್ ಹಿಂದಕ್ಕೆ ಎಳೀರಿ, ಕಪ್ಲಿಂಗ್ ಎಕ್ಸ್‌ಪೊನೆನ್ಶಿಯಲ್ ಆಗಿ ಬೀಳುತ್ತೆ, ಅರ್ಧ ಮಿಲಿಮೀಟರೂ ಲೆಕ್ಕಕ್ಕೆ ಬರುತ್ತೆ. ಇನ್ನು ಇದು ರೀಡೌಟ್‌ಗೆ (ಕ್ಯೂಬಿಟ್ ಸ್ಥಿತಿ ಓದೋಕೆ) ಅಂತಾದ್ರೆ ನಿಮಗೆ ದೊಡ್ಡ ಕ್ಯೂ ಬೇಕೇ ಇಲ್ಲ, ಸಿಗ್ನಲ್ ಬೇಗ ಹೊರಗೆ ಬರ್ಬೇಕು. ಫೋಟಾನ್ ಇಟ್ಕೊಳ್ಳೋಕೆ ಅಂದ್ರೆ ಮಾತ್ರ ಕಾಲು ತರಂಗದ ಕಂಬ ಇರೋ ಕೋಆಕ್ಸಿಯಲ್ ಕ್ಯಾವಿಟಿಗೆ ಹೋಗಿ, 5 ಗಿಗಾಹರ್ಟ್ಸ್‌ಗೆ ಕಂಬ 15 ಮಿ.ಮೀ. ಹತ್ರ. ಒಂದೇ ಗಟ್ಟಿಯಲ್ಲಿ ಕೊರೆಯೋದ್ರಿಂದ ಕರೆಂಟ್ ಹರಿಯೋ ಜಾಗದಲ್ಲಿ ಜಾಯಿಂಟೇ ಇಲ್ಲ, ಮೇಲಿನ ಮುಚ್ಚಳ ಮುಟ್ಟೋ ಮೊದಲೇ ಫೀಲ್ಡ್ ಸತ್ತಿರುತ್ತೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2016ರಲ್ಲಿ ಇಂಥದ್ರಲ್ಲೇ ಮಿಲಿಸೆಕೆಂಡ್ ಮೆಮೊರಿ ತೋರಿಸಿದ್ರು. 5 ಗಿಗಾಹರ್ಟ್ಸ್‌ನಲ್ಲಿ ಒಂದು ಮಿಲಿಸೆಕೆಂಡ್ ಅಂದ್ರೆ ಕ್ಯೂ 3 ಕೋಟಿ ದಾಟಿತು. ಶುದ್ಧ ಅಲ್ಯೂಮಿನಿಯಂ ತಗೊಳ್ಳಿ, ಮಿಲ್ಲಿಂಗ್‌ನಲ್ಲಿ ಹಾಳಾದ ಪದರ ಹೋಗೋವರೆಗೂ ಆಸಿಡ್‌ನಲ್ಲಿ ಕರಗಿಸಿ ಎಚ್ ಮಾಡಿ, ಇದನ್ನ ಬಿಡ್ಲೇಬೇಡಿ.

ಪ್ರಶ್ನೆ ಕೇಳಿದವರು: ನಂದೂ ಮುಚ್ಚಳದ ಡಬ್ಬಿನೇ! ಇದು ಸ್ಟೋರೇಜ್‌ಗೇ. ಹೇಳಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಂದಿನ ಕೂಲ್‌ಡೌನ್‌ಗೆ ಮೊದಲು ಪಿನ್ ಹಿಂದೆ ಎಳೆದು ಒಳಗಿನ ಕ್ಯೂ ಬೇರೆ ಮಾಡಿ ಅಳೀತೀನಿ, ಅದೂ ಇಷ್ಟೇ ಕಮ್ಮಿ ಇದ್ರೆ ನಡುವೆ ಸೀಳಿರೋ ಹೊಸ ಡ್ರಾಯಿಂಗ್ ಹಾಕ್ತೀನಿ.